ಮಾಳಪ್ಪ ಮಾವ ಹೇಳಿದ ಬಣ್ಣ

ಮೊನ್ನೆ ರಾಯಚೂರಿನ ನಮ್ಮ ಮನೆಯ ಬಾಗಿಲಿಗೆ ಬಣ್ಣ ಹೊಡೆಸಿದೆವು. ಎಣ್ಣೆಬಣ್ಣದ ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಮಸರಕಲ್ಲಿನ ನಮ್ಮ ಹಟ್ಟಿ, ತೊಯ್ದ ಉಣ್ಣೆಯ ವಾಸನೆ, ಮಾಳಪ್ಪ ಮಾವ ಎಲ್ಲ ಒಮ್ಮೆಲೇ ನೆನಪಾಗಿ ಕಣ್ಣು ತುಂಬಿತು. ಮಾವ ಅವ್ವನ ತಮ್ಮ. ನಮ್ಮಲ್ಲೇ ಇದ್ದು ಕುರಿ ಕಾಯುತ್ತಿದ್ದ. ಹಿಂಡುಗಳು ಬೆರೆತರೆ ಗುರುತು ಸಿಗಲೆಂದು ಕುರಿಗಳ ಬೆನ್ನಿಗೆ ಬಣ್ಣ ಬಳಿಯುವುದು ರೂಢಿ. ನಮ್ಮದು ಕೆಂಪು, ಪಕ್ಕದ ಹಟ್ಟಿಯವರದು ಹಸಿರು. ಮಾವನಿಗೆ ಅದರ ಗೊಡವೆಯೇ ಬೇಕಿರಲಿಲ್ಲ. ಮುಖ ನೋಡಿ, ಕೂಗು ಕೇಳಿ ಒಂದೊಂದನ್ನೂ ಗುರುತಿಸುತ್ತಿದ್ದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅವುಗಳ ಹೆಸರು ಹೇಳಿಕೊಡುತ್ತಿದ್ದ. ಅಂಥವರನ್ನು ಕಳೆದುಕೊಂಡವರು ನೀವಾಗಿದ್ದರೆ ನನ್ನ ಸಂಕಟ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ವರ್ಷ ಎರಡೂ ಮನೆಯವರು ದೇವದುರ್ಗದ ಸಂತೆಯಿಂದ ಹೊಸ ಕುರಿ ತಂದರು. ಅವುಗಳ ಮುಖ ಮಾವನಿಗೆ ಇನ್ನೂ ಪರಿಚಯವಾಗಿರಲಿಲ್ಲ. ಗೂಗಲ್ಲು ಊರಿನ ಹೊಳೆಯಲ್ಲಿ ನೀರು ಕುಡಿಸಿಕೊಂಡು ಬಂದಾಗ ನಮ್ಮ ಹಿಂಡಿನಲ್ಲಿ ಪಕ್ಕದವರ ನಾಲ್ಕು ಹೊಸ ಕುರಿ ಇದ್ದವು. ಹಿರಿಯರು ಪಂಚಾಯಿತಿಗೆ ಕೂತರು.

"ಎರಡೂ ಬಣ್ಣ ನನಗ ಒಂದೇ ಥರ ಕಾಣ್ತಾವ್ರೀ," ಎಂದ ಮಾವ.

ಎಲ್ಲರೂ ನಕ್ಕರು. ಸಣ್ಣ ಕೂಸು ಸುಳ್ಳು ಹೇಳುವುದಿಲ್ಲವೆಂದು ನನ್ನನ್ನು ಕರೆದು, ಆ ಕುರಿಗಳ ಬೆನ್ನ ಮೇಲಿನ ಬಣ್ಣ ಯಾವುದೆಂದು ಕೇಳಿದರು. "ಹಸರು ಅದ," ಎಂದೆ, ಜಾಣೆ ಎನ್ನಿಸಿಕೊಳ್ಳುವ ಹುರುಪಿನಲ್ಲಿ. ಆ ಹುರುಪು ನೆನೆದರೆ ಇವತ್ತಿಗೂ ನಾಲಿಗೆ ಕಿತ್ತುಕೊಳ್ಳಬೇಕೆನಿಸುತ್ತದೆ. ಅವ್ವ ತಮ್ಮನ ಮುಖ ನೋಡಲಿಲ್ಲ. ಕಳ್ಳ ಎನ್ನಿಸಿಕೊಂಡ ಮಾವ ಮರುದಿನ ಕಂಬಳಿ ಹೆಗಲಿಗೆ ಹಾಕಿಕೊಂಡು ಮಾನ್ವಿ ಕಡೆ ಹೊರಟುಹೋದ. ಕಲ್ಲೂರಿನಲ್ಲಿ ಕೂಲಿ ಮಾಡಿಕೊಂಡು ಒಂಟಿಯಾಗಿದ್ದು, ಅಲ್ಲೇ ತೀರಿಕೊಂಡ. ಸುದ್ದಿ ಬಂದರೂ ಅವ್ವ ಮಣ್ಣಿಗೆ ಹೋಗಲಿಲ್ಲ, ನಮ್ಮನ್ನೂ ಕಳಿಸಲಿಲ್ಲ.

ಬಣ್ಣ ಹೊಡೆಸಿದ ಮರುದಿನ ನನ್ನ ಮಗನ ಕಣ್ಣು ತೋರಿಸಲು ಹೋಗಿದ್ದೆ. ಬಣ್ಣದ ಚುಕ್ಕಿಗಳ ನಡುವೆ ಬರೆದ ಅಂಕಿ ನನಗೆ ಎದ್ದು ಕಾಣುತ್ತಿತ್ತು, ಅವನಿಗೆ ಕಾಣಲೇ ಇಲ್ಲ. ಕಣ್ಣಿನ ಒಳಪರದೆಯಲ್ಲಿ ಬಣ್ಣ ಗುರುತಿಸುವ ಕೋಶಗಳು ಎಲ್ಲರಲ್ಲೂ ಒಂದೇ ಬಗೆಯಾಗಿರುವುದಿಲ್ಲ, ಇದು ತಾಯಿಯ ಕಡೆಯಿಂದ ಬರುತ್ತದೆ ಎಂದ ವೈದ್ಯೆ, ನಿಮ್ಮ ಸೋದರಮಾವಂದಿರಲ್ಲಿ ಯಾರಿಗಾದರೂ ಕೆಂಪು ಹಸಿರು ಒಂದೇ ಥರ ಕಾಣುತ್ತಿತ್ತೇ ಎಂದು ಕೇಳಿದರು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ.

"ಹಂಗಾರ ಅವ ಖರೇನೇ ಹೇಳಿದ್ನೇನು?"

"ಹೂಂ ಬೇ."

ಅವ್ವ ಎದ್ದು ಚಪ್ಪಲಿ ಹುಡುಕತೊಡಗಿದಳು. "ಕಲ್ಲೂರಿಗಿ ಬಸ್ಸು ಯಾವಾಗ ಅದ?" ಎಂದಳು.

ಅವನನ್ನು ಅಲ್ಲಿ ಎಲ್ಲಿ ಮಣ್ಣು ಮಾಡಿದ್ದಾರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.