ದುಬಾರಿ ಕಾರ್ಡೂ ರತ್ನಮ್ಮನವರ ಅನುಮಾನವೂ

ಚಾಮರಾಜಪುರಂನಲ್ಲಿರುವ ನನ್ನ ಮದುವೆ ವಿಡಿಯೋ ಸ್ಟುಡಿಯೋದ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಆ ದುಡ್ಡಿಗೆ ಒಳ್ಳೆ ಸ್ಕೂಟರ್ ಬರುತ್ತಿತ್ತು. ವೇಗ ಎಂಥದ್ದು ಅಂತೀರಿ? ನಾನು ಮೌಸ್ ಒತ್ತುವ ಮೊದಲೇ ಕೆಲಸ ಮುಗಿಸಿ ಆಕಳಿಸುತ್ತ ಕೂತಿರುತ್ತಿತ್ತು.

ಮೊದಲ ಗಿರಾಕಿ ಮಂಡಿ ಮೊಹಲ್ಲಾದ ರತ್ನಮ್ಮನವರು. ಅವರ ದೊಡ್ಡ ಮಗಳ ಮದುವೆ ಮುಗಿದ ಮೂರನೇ ದಿನವೇ ವಿಡಿಯೋ ಕೈಗಿಟ್ಟೆ. ಚಿಕ್ಕ ಮಗಳ ಮದುವೆಯ ಕೆಲಸವೂ ನನಗೇ ಸಿಗಲಿ ಅನ್ನೋ ಆಸೆ. ಅವರು ಹುಬ್ಬು ಗಂಟಿಕ್ಕಿದರು.

“ಇಷ್ಟು ಬೇಗನಾ? ನಮ್ಮ ಓರಗಿತ್ತಿ ಮಗಳ ಮದುವೆ ವಿಡಿಯೋ ಬರೋ ಹೊತ್ತಿಗೆ ಮಗುವಿನ ನಾಮಕರಣ ಆಗಿತ್ತು ಕಣ್ರೀ. ಏನೋ ಬಿಟ್ಬುಟ್ಟಿದ್ದೀರಿ!”

“ಏನೂ ಬಿಟ್ಟಿಲ್ಲ ಅಮ್ಮಾವ್ರೇ, ಕಾರ್ಡು ಜೋರಾಗಿದೆ.”

“ನಮ್ಮ ನೆಂಟ್ರು ಯಾರ್ಯಾರು ಅಂತ ಕಾರ್ಡಿಗೇನು ಗೊತ್ತು? ಹಾಕಿ, ನೋಡೇ ಬುಡೋಣ.”

ಚಪ್ಪರದ ಪೂಜೆಯಿಂದ ಹೆಣ್ಣೊಪ್ಪಿಸುವವರೆಗೆ, ಸೋದರತ್ತೆಯರ ತಲೆ ಎಣಿಸುತ್ತ ಇಡೀ ಮದುವೆ ನೋಡಿದೆವು. ಆರತಕ್ಷತೆಯಲ್ಲಿ ಉಡುಗೊರೆ ಕೊಡುವವರ ಸಾಲನ್ನೂ ಬೇಗ ಬೇಗ ಓಡಿಸಲು ಅವರು ಬಿಡಲಿಲ್ಲ. ಯಾರೂ ತಪ್ಪಿಹೋಗಿರಲಿಲ್ಲ. ಆದರೂ ಏಳುವಾಗ, “ಚಿಕ್ಕವಳದ್ದೂ ನೀವೇ ಮಾಡಿ. ಆದ್ರೆ ಹಿಂಗೆ ಅವಸರ ಬೇಡ, ನಿಧಾನವಾಗಿ ನೀಟಾಗಿ ಮಾಡಿ” ಅಂದರು.

ಮಾಡಿದೆ. ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಬೀರುವಿನಲ್ಲಿಟ್ಟು ಬೀಗ ಹಾಕಿ, ಎರಡು ತಿಂಗಳಾದ ಮೇಲೆ ಕೊಟ್ಟೆ. ರತ್ನಮ್ಮನವರು ಹಾಕಿಸಿಯೂ ನೋಡದೆ ಚೀಲಕ್ಕಿಳಿಸಿ, “ಕೆಲಸ ಅಂದ್ರೆ ಇದು!” ಅಂದರು.

ಅಷ್ಟು ದುಡ್ಡು ಸುರಿದು ಅಂಥ ಕಾರ್ಡು ತಗೋಬೇಕಾ ಅಂತ ಕೇಳುವವರಿಗೆ, ಧಾರಾಳವಾಗಿ ತಗೊಳ್ಳಿ ಅಂತಲೇ ಹೇಳುತ್ತೇನೆ. ಜೊತೆಗೊಂದು ಗಟ್ಟಿ ಬೀರುವೂ ಇರಲಿ.