ಹಿಡಿಕೆಯಿಲ್ಲದ ಕಪಾಟು

ಬೆಳಕು ಹರಿಯುವ ಮೊದಲು ಅವಳು ನೀರು ಕಾಯಲಿಡುತ್ತಾಳೆ. ರಾತ್ರಿ ನೆನೆಹಾಕಿದ ಕಾಳು ಬಸಿಯುತ್ತಾಳೆ. ಅತ್ತೆಯ ಮಾತ್ರೆಯನ್ನು ಲೋಟದ ಪಕ್ಕ ಇಡುತ್ತಾಳೆ, ಲೋಟವನ್ನು ಅತ್ತೆಯ ಕಣ್ಣಿಗೆ ಬೀಳುವ ಕಡೆ ಇಡುತ್ತಾಳೆ. ಬಸ್ ಓಡಿಸುವ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಾಳೆ. ಹಿಟ್ಟು ನಾದುತ್ತಾಳೆ, ತರಕಾರಿ ಹೆಚ್ಚುತ್ತಾಳೆ, ಡಬ್ಬಿಗಳನ್ನು ತುಂಬುತ್ತಾಳೆ. ಮಗಳ ಕಾಲುಚೀಲದ ಜೋಡಿಗಾಗಿ ಮಂಚದ ಕೆಳಗೆ ತಲೆ ಹಾಕುತ್ತಾಳೆ. ಇಷ್ಟರ ನಡುವೆ ಒದ್ದೆ ಕೈ ಒರೆಸಿಕೊಂಡು ಊಟದ ಮೇಜಿನ ತುದಿಯಲ್ಲಿರುವ ಕಂಪ್ಯೂಟರಿನ ಪರದೆ ಇಣುಕುತ್ತಾಳೆ. ರಾತ್ರಿ ಹಚ್ಚಿಟ್ಟ ಚಿತ್ರ ಬೆಂದಿದೆಯೋ, ಇನ್ನೂ ಹಸಿಯೋ?

ಅವಳ ಕೆಲಸ ಅಡುಗೆಮನೆಗಳ ಚಿತ್ರ ಬರೆಯುವುದು. ಬಡಗಿ ಹಲಗೆ ಕೊಯ್ಯುವ ಮೊದಲು ಮನೆಯವರಿಗೆ ತಮ್ಮ ಅಡುಗೆಮನೆ ಹೇಗಿರುತ್ತದೆಂದು ಕಾಣಬೇಕಲ್ಲ, ಆ ಚಿತ್ರ. ಕಪಾಟು, ಒಲೆ, ಸಿಂಕು, ಕಿಟಕಿಯಿಂದ ಬೀಳುವ ಬಿಸಿಲು, ಬಿಸಿಲಿಗೆ ಹೊಳೆಯುವ ಕಲ್ಲು, ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕೂಡಿಸುತ್ತಾಳೆ. ಆ ಬಿಸಿಲನ್ನು ಲೆಕ್ಕ ಹಾಕಲು ಹಳೆಯ ಯಂತ್ರಕ್ಕೆ ಒಂದೊಂದು ಚಿತ್ರಕ್ಕೂ ಒಂದು ಇಡೀ ರಾತ್ರಿ ಬೇಕು. ಕೋಣೆಯಿಂದ ಕೊನೆಗೆ ಹೊರಡುವವರು ಗೋಡೆಯ ಸ್ವಿಚ್ ಆರಿಸಬೇಕು ಎಂಬುದು ಅತ್ತೆ ಈ ಮನೆಗೆ ಹಾಕಿಕೊಟ್ಟ ಕಾನೂನು. ಹಾಗಾಗಿ ಚಿತ್ರ ಬೇಯುವ ರಾತ್ರಿಗಳಲ್ಲಿ ಅವಳು ಸ್ವಿಚ್ಚಿಗೆ ಮಗಳ ಕೆಂಪು ರಿಬ್ಬನ್ ಅಂಟಿಸುತ್ತಾಳೆ. ರಿಬ್ಬನ್ ಇದ್ದರೆ ಯಾರೂ ಮುಟ್ಟಬಾರದು. ಇಲ್ಲದಿದ್ದರೆ ಅತ್ತೆ ಆರಿಸದೆ ಮಲಗುವುದಿಲ್ಲ.

ಹೊಸ ಅಡುಗೆಮನೆಗೆ ಅಳತೆ ತೆಗೆಯಲು ಹೋದವರೆಲ್ಲ ಮೊದಲು ಗೋಡೆ ಅಳೆಯುತ್ತಾರೆ. ಅವಳು, ಇಲ್ಲಿ ನಿಂತು ಕೆಲಸ ಮಾಡುವವರು ಯಾರು ಎಂದು ಕೇಳುತ್ತಾಳೆ. ಅವರನ್ನು ಕರೆದು ನಿಲ್ಲಿಸಿ ಮೊಣಕೈಯ ಎತ್ತರ ಅಳೆಯುತ್ತಾಳೆ. ಕಟ್ಟೆ ಅದಕ್ಕಿಂತ ಅರ್ಧ ಗೇಣು ಕೆಳಗೆ ಬರಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಹಟಕ್ಕೇ ಬಡಗಿ ಅವಳಿಗೆ ಕಟ್ಟೆಯಕ್ಕ ಎಂದು ಹೆಸರಿಟ್ಟ. ಈಗ ಅಂಗಡಿ ಬೀದಿಗೆಲ್ಲ ಅದೇ ಹೆಸರು.

ಅವಳ ಸ್ವಂತ ಅಡುಗೆಮನೆಯನ್ನು ಯಾರ ಮೊಣಕೈ ಅಳೆದು ಕಟ್ಟಿದ್ದರೋ ದೇವರೇ ಬಲ್ಲ. ಕಟ್ಟೆ ಅತ್ತೆಗೆ ಎತ್ತರ, ಅವಳಿಗೆ ತಗ್ಗು. ಗಂಡನಿಗಂತೂ ತೊಡೆಯ ಮಟ್ಟಕ್ಕೆ ಬರುತ್ತದೆ. ಆತ ಬಾಗಿಲಿಗೆಲ್ಲ ತಲೆ ತಗ್ಗಿಸಿ ಬರುವ ಆಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಪಾತ್ರೆ ತೊಳೆಯಲು ನಿಂತವನು ಅರ್ಧಕ್ಕೇ ಸೊಂಟ ಹಿಡಿದುಕೊಂಡು ಹೊರಗೆ ಬಂದಿದ್ದ. "ನನ್ನ ಅಳತೆಗೆ ಈ ಸಿಂಕು ಆಗಲ್ಲ ಕಣೇ" ಎಂದಿದ್ದ. ಆ ಮಾತನ್ನು ಮತ್ತೆ ಪರೀಕ್ಷಿಸುವ ಸಂದರ್ಭ ಬರಲಿಲ್ಲ. ಒಳ್ಳೆಯವನೇ. ಊಟವಾದ ಮೇಲೆ ತನ್ನ ತಟ್ಟೆಯನ್ನು ಸಿಂಕಿನವರೆಗೆ ತಂದಿಡುತ್ತಾನೆ. ತಂದಿಟ್ಟಿದ್ದೇನೆ ಎಂದು ಕೂಗಿ ಹೇಳುತ್ತಾನೆ.

ಹೀಗಿರುವಾಗ ಬಡಗಿ ದೊಡ್ಡದೊಂದು ಕೆಲಸ ತಂದ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆ. ಅಲ್ಲಿ ಬಗ್ಗಿ ಬಗ್ಗಿ ಮುಖ್ಯ ಅಡುಗೆಯವಳ ಬೆನ್ನು ಕೊಕ್ಕೆಯಾಗಿತ್ತು. ಅವಳೂ ಉಳಿದ ಅಡುಗೆಯವರೂ ನಕ್ಕು ನಕ್ಕು ಸಾಲಾಗಿ ನಿಂತು ಮೊಣಕೈ ಅಳೆಸಿಕೊಂಡರು. ಕಟ್ಟೆಯಕ್ಕ ಗಿಡ್ಡವರಿಗೊಂದು, ಉದ್ದದವರಿಗೊಂದು ಕಟ್ಟೆ ಬರೆದಳು. ಆದರೆ ಹಾಸ್ಟೆಲಿನ ಸಮಿತಿಗೆ ಸಿದ್ಧ ಕಪಾಟು ಮಾರುವ ಮಳಿಗೆಯೊಂದು ಆಗಲೇ ಚಲಿಸುವ ಚಿತ್ರ ತೋರಿಸಿಬಿಟ್ಟಿತ್ತು. ಬಾಗಿಲು ತೆರೆದು, ಒಳಗೆ ನಡೆದು, ಒಂದು ಸುತ್ತು ಬರುವಂಥದ್ದು. ಕಟ್ಟೆ ಮಾತ್ರ ಎಲ್ಲರಿಗೂ ಒಂದೇ ಎತ್ತರ. ನಿಮ್ಮದನ್ನೂ ಹಾಗೇ ನಡೆದಾಡುವಂತೆ ತೋರಿಸಿ, ಶುಕ್ರವಾರ ತೀರ್ಮಾನ ಮಾಡುತ್ತೇವೆ ಎಂದರು ಸಮಿತಿಯವರು.

ನಡೆದಾಡುವ ಚಿತ್ರವೆಂದರೆ ಸಾಲುಗಟ್ಟಿ ನಿಂತ ನೂರಾರು ಚಿತ್ರಗಳು. ಒಂದೊಂದಕ್ಕೂ ಒಂದೊಂದು ರಾತ್ರಿಯಾದರೆ ಮಗಳ ಕೂದಲು ನೆರೆಯುವ ಹೊತ್ತಿಗೆ ಮುಗಿಯಬಹುದು. ಚಿತ್ರದ ಲೆಕ್ಕವನ್ನು ಬೇಗ ಮುಗಿಸಿಕೊಡುವ ಗ್ರಾಫಿಕ್ಸ್ ಕಾರ್ಡ್ ಹೊಸದು ಕೊಳ್ಳುವುದು ಕೈಗೆಟುಕುವ ಮಾತಲ್ಲ. ಕಚೇರಿಗಳು ಕಿತ್ತೆಸೆದ ಯಂತ್ರಗಳನ್ನು ಕೊಂಡು ಮಾರುವವನೊಬ್ಬ ಬಸ್ ನಿಲ್ದಾಣದ ಹಿಂದೆ ಇದ್ದ. ಅವನ ಬಳಿ ಹೋದಳು.

ಅವನು ತೋರಿಸಿದ ಕಾರ್ಡ್ ಮೊಳದುದ್ದವಿತ್ತು. ತೂಕ ರುಬ್ಬುಗಲ್ಲಿನ ತಮ್ಮನಂತಿತ್ತು. ಫ್ಯಾನ್ ಇಲ್ಲ, ಪರದೆಗೆ ವೈರು ಸಿಕ್ಕಿಸುವ ತೂತೂ ಇಲ್ಲ. ದೊಡ್ಡ ಕಚೇರಿಗಳ ಸರ್ವರ್ ಯಂತ್ರದೊಳಗೆ ಕೂತು ಬರೀ ಲೆಕ್ಕ ಮಾಡಲು ಹುಟ್ಟಿದ್ದು, ಅದಕ್ಕೇ ಅಗ್ಗ, ಯಾರೂ ಒಯ್ಯುವುದಿಲ್ಲ ಎಂದು ಅವನು ಪ್ರಾಮಾಣಿಕವಾಗಿ ಹೇಳಿದ.

"ಮನೆ ಕಂಪ್ಯೂಟರ್‌ಗೆ ಇದು ಆಗಲ್ಲ ಅಕ್ಕ."

"ಯಾಕೆ ಆಗಲ್ಲ?"

"ಆಗಲ್ಲ ಅಂತ ಅದನ್ನ ಮಾಡಿದೋರೇ ಹೇಳಿದ್ದಾರೆ."

"ನೀವು ಹಾಕಿ ನೋಡಿದ್ದೀರಾ?"

ಅವನು ಕಾರ್ಡನ್ನು ಕಾಗದದಲ್ಲಿ ಸುತ್ತಿದ. ಕಾರ್ಡಿನ ಜೊತೆಗೊಂದು ಚಿಕ್ಕ ಬದಲಿ ವೈರು, ಊದುವ ಫ್ಯಾನು ಕೊಟ್ಟ. ಇದರ ಕರೆಂಟಿನ ತೂತು ಬೇರೆ ಕಾರ್ಡುಗಳದ್ದರ ಹಾಗೇ ಕಾಣುತ್ತೆ, ಒಳಗೆ ತಂತಿಗಳು ಉಲ್ಟಾ, ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತೆ ಎಂದು ಎಚ್ಚರಿಸಿ ಕಳಿಸಿದ.

ಆ ಮಧ್ಯಾಹ್ನ ಊಟದ ಮೇಜಿನ ಮೇಲೆ ಕಂಪ್ಯೂಟರನ್ನು ಮಗ್ಗುಲಾಗಿ ಮಲಗಿಸಿ ಹೊಟ್ಟೆ ಬಿಚ್ಚಿದಳು. ಕಾರ್ಡ್ ಹಿಡಿಸಲಿಲ್ಲ. ಡಿಸ್ಕ್ ಕೂರುವ ತಗಡಿನ ಗೂಡು ಅಡ್ಡ ಬರುತ್ತಿತ್ತು. ಇಕ್ಕಟ್ಟಿನಲ್ಲಿ ಕಪಾಟು ಕೂರಿಸುವುದು ಅವಳಿಗೇನು ಹೊಸದೇ? ಗೂಡು ಬಿಚ್ಚಿ ತೆಗೆದು ಡಿಸ್ಕನ್ನು ಬೇರೆ ಮೂಲೆಗೆ ಕಟ್ಟಿದಳು. ಬದಲಿ ವೈರು ಹಾಕಿದಳು. ಪರದೆಯ ವೈರನ್ನು ಕಂಪ್ಯೂಟರಿನ ಮದರ್‌ಬೋರ್ಡಿನ ಸ್ವಂತ ತೂತಿಗೇ ಬಿಟ್ಟಳು. ಚಾಲೂ ಮಾಡಿದಳು. ಬೋರ್ಡು ಕಾರ್ಡನ್ನು ಕಂಡಿತು, ಆದರೆ ಒಳಗೆ ಕರೆಯಲಿಲ್ಲ. ಜಾಗವಿಲ್ಲ ಎಂದು ಪರದೆಯ ಮೇಲೆ ತೋರಿಸಿ ಸುಮ್ಮನಾಯಿತು.

ಇಂಥದ್ದೇ ಪೇಚಿಗೆ ಸಿಕ್ಕವರು ಇಂಟರ್ನೆಟ್ಟಿನಲ್ಲಿ ಬರೆದುಕೊಂಡಿದ್ದನ್ನೆಲ್ಲ ಓದಿದಳು. ಈ ಕಾರ್ಡಿನ ನೆನಪು ದೊಡ್ಡದು. ಅದನ್ನು ತುಂಬಿಸಿಕೊಳ್ಳಲು ಬೋರ್ಡು ತನ್ನ ವಿಳಾಸಗಳ ಪಟ್ಟಿಯಲ್ಲಿ ದೊಡ್ಡ ಜಾಗ ಬಿಡಬೇಕು. ಸರ್ವರ್ ಬೋರ್ಡಿನಲ್ಲಿ ಅದಕ್ಕೊಂದು ಆಯ್ಕೆ ಇರುತ್ತದೆ, ಒತ್ತಿದರೆ ಸಾಕು. ಮನೆ ಬೋರ್ಡಿನವರು ಆ ಆಯ್ಕೆಯನ್ನು ಒಳಗೆ ಮಾಡಿಟ್ಟೂ ಪರದೆಗೆ ಬಾರದಂತೆ ಮುಚ್ಚಿದ್ದರು. ಅಂದರೆ ಕಪಾಟಿದೆ, ಹಿಡಿಕೆ ಇಲ್ಲ! ಅವಳಿಗೆ ನಗು ಬಂತು. ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ, ಕಪ್ಪು ಪರದೆಯಲ್ಲಿ ಒಂದೇ ಸಾಲು ಬರೆದರೆ ಆ ಕಪಾಟು ತೆರೆಯುತ್ತದೆ. ಆದರೆ ಒಂದಂಕಿ ಆಚೀಚೆಯಾದರೂ ಬೋರ್ಡು ಮತ್ತೆ ಏಳದಿರಬಹುದು. ಮನೆಯಲ್ಲಿದ್ದದ್ದು ಅದೊಂದೇ ಕಂಪ್ಯೂಟರು. ಅದು ಹೋದರೆ ಹಾಸ್ಟೆಲ್ಲಷ್ಟೇ ಅಲ್ಲ, ಅವಳ ಕೆಲಸವೇ ಹೋದಂತೆ.

ಅವಳು ಅತ್ತೆಯನ್ನು ಕರೆದಳು. ಕಾಳಿನಲ್ಲಿ ಕಲ್ಲು ಹುಡುಕುವ ಕಣ್ಣು ಅತ್ತೆಯದು. ಅವರು ಕನ್ನಡಕ ಏರಿಸಿಕೊಂಡು, ಫೋನಿನಲ್ಲಿ ತೆರೆದಿಟ್ಟ ಆ ಸಾಲಿನ ಒಂದೊಂದಕ್ಷರದ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಅವಳು ಬರೆದದ್ದನ್ನು ಮತ್ತೆ ಹಿಂದಿನಿಂದ ಮುಂದಕ್ಕೆ ಓದಿಸಿದರು.

"ಸರಿಯಿದೆ, ಒತ್ತು" ಎಂದರು. "ಹೋದ್ರೆ ಇಬ್ರ ತಲೆ ಮೇಲೂ ಹೋಗ್ಲಿ."

ಒತ್ತಿದಳು. ಯಂತ್ರ ಆರಿ ಎದ್ದಿತು. ಪರದೆಯಲ್ಲಿ ಕಾರ್ಡಿನ ಹೆಸರು ಪೂರಾ ಮೂಡಿತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಎದ್ದುಹೋಗಿ ತಾವೇ ಚಹಾ ಮಾಡಿಕೊಂಡು ಬಂದರು. ಆ ಮನೆಯಲ್ಲಿ ಅದೂ ಒಂದು ಸುದ್ದಿಯೇ.

ಚಹಾ ಮುಗಿಯುವಷ್ಟರಲ್ಲಿ ಕಾರ್ಡ್ ಕಾದ ಹೆಂಚಾಗಿತ್ತು. ಸರ್ವರ್ ಯಂತ್ರದಲ್ಲಿ ಸಾಲು ಫ್ಯಾನುಗಳು ಅದರ ಹೊಟ್ಟೆಯೊಳಗಿಂದ ಗಾಳಿ ನೂಕುತ್ತವೆ, ಇಲ್ಲಿ ನೂಕುವವರಿಲ್ಲ, ಮಾರುವವನು ಕೊಟ್ಟ ಫ್ಯಾನು ಇನ್ನೂ ಮೇಜಿನ ಮೇಲೇ ಇತ್ತು. ಹೊಗೆಗೆ ದಾರಿ ಮಾಡದೆ ಒಲೆ ಹಚ್ಚಬಾರದೆಂದು ಊರಿಗೆಲ್ಲ ಹೇಳುವವಳು ತಾನೇ ಹಚ್ಚಿದ್ದಳು. ಬಡಗಿಗೆ ಫೋನ್ ಮಾಡಿ ಗಾಳಿಗೊಂದು ಕೊಳವೆ ಬೇಕು, ಒಂದು ಬಾಯಿ ಫ್ಯಾನಿನ ಅಳತೆಗೆ, ಇನ್ನೊಂದು ಕಾರ್ಡಿನ ಅಳತೆಗೆ ಎಂದಳು. ಅವನು ಯಾರದೋ ಕಪಾಟಿನಿಂದ ಉಳಿದ ಲ್ಯಾಮಿನೇಟ್ ಚೂರುಗಳನ್ನು ಅಂಟಿಸಿ ತಂದುಕೊಟ್ಟ. ಮೇಲೆಲ್ಲ ದೊಡ್ಡ ದೊಡ್ಡ ಗುಲಾಬಿ ಹೂವು. ಫ್ಯಾನು ಊದಿತು, ಕಾರ್ಡು ತಣ್ಣಗಾಯಿತು. ಕೆಲಸದಿಂದ ಬಂದ ಗಂಡ ಯಂತ್ರದ ಪಕ್ಕೆಯಿಂದ ಹೊರಚಾಚಿದ ಹೂವಿನ ಸೊಂಡಿಲನ್ನು ನೋಡಿ, ಇದಕ್ಕೆ ಮೇವು ಏನು ಹಾಕುತ್ತೀಯ ಎಂದು ಕೇಳಿದ.

ಮಾರನೆಯ ಬೆಳಿಗ್ಗೆ ಕಾರ್ಡು ಮತ್ತೆ ಹೊರಗೆ. ಜಾಗವಿಲ್ಲ, ಅದೇ ಹಾಡು.

ಅತ್ತೆ ಓದಿದರು, ಅವಳು ಬರೆದಳು, ಕಾರ್ಡು ಬಂತು. ಇಡೀ ದಿನ ಹಾಸ್ಟೆಲಿನ ಚಿತ್ರಕ್ಕೆ ಬೆಳಕು ಹೊಂದಿಸಿದಳು. ಮುಂದಿನ ಬೆಳಿಗ್ಗೆ ನೋಡಿದರೆ ಕಾರ್ಡು ಇಲ್ಲ. ಹಗಲೆಲ್ಲ ದುಡಿದು ರಾತ್ರಿ ತವರಿಗೆ ಹೋಗುವ ಸೊಸೆಯನ್ನು ಇದೇ ಮೊದಲು ನೋಡಿದ್ದು ಎಂದರು ಅತ್ತೆ. ಅವಳಿಗೆ ನಗು ಬರಲಿಲ್ಲ. ಚಿತ್ರಗಳನ್ನು ಬೇಯಿಸಲು ಒಂದು ಹಗಲು, ಒಂದು ರಾತ್ರಿ ಬೇಕು. ನಡುವೆ ಕಾರ್ಡು ಕೈಕೊಟ್ಟರೆ ಶುಕ್ರವಾರ ಬರಿಗೈ.

ಸಾಲು ತಪ್ಪೇ? ತಪ್ಪಾಗಿದ್ದರೆ ಹಗಲೂ ನಡೆಯಬಾರದಿತ್ತು. ಕೊಳವೆಯೇ? ಬಿಸಿಯೇ ಇಲ್ಲ. ಗಲ್ಲಕ್ಕೆ ಕೈಕೊಟ್ಟು ಕೂತವಳ ಕಣ್ಣು ಪರದೆಯ ಮೂಲೆಯ ತಾರೀಖಿಗೆ ಬಿತ್ತು. ಮಗಳು ಹುಟ್ಟುವುದಕ್ಕೂ ಮುಂಚಿನ ಯಾವುದೋ ವರ್ಷ. ಬೋರ್ಡು ರಾತ್ರಿ ಎಲ್ಲವನ್ನೂ ಮರೆಯುತ್ತಿತ್ತು, ದಿನವನ್ನೂ ಸೇರಿಸಿ. ಕರೆಂಟು ಇಲ್ಲದಾಗ ಬೋರ್ಡಿಗೆ ನೆನಪು ಉಳಿಸಿಕೊಡುವುದು ಬಿಲ್ಲೆಯಾಕಾರದ ಒಂದು ಸೆಲ್ಲು. ಅದು ಮಾತ್ರ ಹೋದ ವರ್ಷ ಹಾಕಿದ ಹೊಸದು.

ಅಡುಗೆಮನೆಯಲ್ಲಿ ಅತ್ತೆ ಹಿಟ್ಟು ತೂಗುತ್ತಿದ್ದರು. ತಿಂಗಳಿಂದ ಮಂಕಾಗಿದ್ದ ಪುಟ್ಟ ತಕ್ಕಡಿಯ ಅಂಕಿಗಳು ಫಳಫಳ ಹೊಳೆಯುತ್ತಿದ್ದವು. ಅವಳು ತಕ್ಕಡಿಯನ್ನು ನೋಡಿದಳು. ಅತ್ತೆಯನ್ನು ನೋಡಿದಳು.

"ಅತ್ತೆ, ಇದರ ಸೆಲ್ಲು ಎಲ್ಲಿಂದ ಬಂತು?"

"ನಿನ್ನ ಡಬ್ಬದ್ದು. ಅವತ್ತು ಹೊಟ್ಟೆ ಬಿಚ್ಚಿ ಮಲಗಿಸಿದ್ಯಲ್ಲ, ಅದೇ ಸೈಜಿಂದು ಕಾಣಿಸ್ತು. ಅದು ಯಾತಕ್ಕೆ ಅಂತ ನೀನೇ ಹೇಳಿದ್ಯಲ್ಲ ಒಂದ್ಸಲ, ಗಡಿಯಾರಕ್ಕೆ ಅಂತ. ಗೋಡೆ ಮೇಲೆ ಅಷ್ಟು ದೊಡ್ಡ ಗಡಿಯಾರ ಇದೆ, ಅದರೊಳಗಿನದನ್ನ ಯಾರು ನೋಡ್ತಾರೆ?"

"ಮತ್ತೆ ಅಲ್ಲಿರೋ ಸೆಲ್ಲು?"

"ತಕ್ಕಡೀದು ಅಲ್ಲಿ ಹಾಕ್ದೆ. ಜಾಗ ಖಾಲಿ ಬಿಡೋಕಾಗುತ್ತಾ?"

ಸತ್ತ ಸೆಲ್ಲು ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಪ್ರತಿ ರಾತ್ರಿ, ರಿಬ್ಬನ್ ಕಾಣದ ಸ್ವಿಚ್ಚನ್ನು ಅತ್ತೆ ಶಿಸ್ತಾಗಿ ಆರಿಸುತ್ತಿದ್ದರು. ಅದರೊಂದಿಗೆ ಬೋರ್ಡಿನ ನೆನಪೂ ಆರುತ್ತಿತ್ತು. ಸೊಸೆ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಏನು ತಪ್ಪಾಯಿತೆಂದು ತಿಳಿದ ಮೇಲೆ ಅತ್ತೆ ತಾವೇ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಹೊಸ ಸೆಲ್ಲು ಎರಡು ತಂದರು, ಒಂದು ಬೋರ್ಡಿಗೆ, ಇನ್ನೊಂದು ಮುಂದಿನ ಜಗಳ ತಪ್ಪಿಸಲು. ಆ ಸಂಜೆ ರಿಬ್ಬನ್ ಕೂಡ ಅವರೇ ಅಂಟಿಸಿದರು.

ಶುಕ್ರವಾರ ಹಾಸ್ಟೆಲಿನ ಊಟದ ಕೋಣೆಯ ಗೋಡೆಯ ಮೇಲೆ ಕಟ್ಟೆಯಕ್ಕನ ಅಡುಗೆಮನೆ ಬಾಗಿಲು ತೆರೆಯಿತು. ಕಿಟಕಿಯ ಬಿಸಿಲು ಕಲ್ಲಿನ ಮೇಲೆ ಜಾರಿತು. ಒಂದೊಂದು ಕಟ್ಟೆಯ ಮುಂದೂ ಒಬ್ಬೊಬ್ಬ ಹೆಂಗಸು ನಿಂತಿದ್ದಳು, ಅಳತೆ ಕೊಟ್ಟವರ ಎತ್ತರಕ್ಕೇ ಸರಿಯಾಗಿ. ಅಡುಗೆಯವರು ಬಾಗಿಲಲ್ಲಿ ಗುಂಪಾಗಿ ನಿಂತು ಇದು ನೀನು, ಅದು ನಾನು ಎಂದು ತೋರಿಸಿಕೊಂಡರು. ಮುಖ್ಯ ಅಡುಗೆಯವಳು ಗೋಡೆಯ ಹತ್ತಿರಕ್ಕೇ ಹೋಗಿ ನೋಡಿದಳು.

"ಅದು ನಾನೇ" ಎಂದಳು. "ಬೆನ್ನು ಮಾತ್ರ ನನ್ನದಲ್ಲ."

ಸಮಿತಿಯ ಅಧ್ಯಕ್ಷೆ ಮಳಿಗೆಯವರ ಚಿತ್ರವನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಆಮೇಲೆ ಬಡಗಿಯತ್ತ ತಿರುಗಿ, ಹಲಗೆ ಯಾವತ್ತು ಕೊಯ್ಯುತ್ತೀರಿ ಎಂದು ಕೇಳಿದರು.

ಸುದ್ದಿ ಕೇಳಿದ ಗಂಡ ಅಗಲವಾಗಿ ನಕ್ಕ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ತಟ್ಟೆ ಸಿಂಕಿನಲ್ಲಿಟ್ಟು, ಇಟ್ಟದ್ದನ್ನು ಕೂಗಿ ಹೇಳಿ, ಊರಿನವರಿಗೆಲ್ಲ ಬರೆದುಕೊಡುತ್ತೀಯ, ನಮ್ಮದನ್ನೂ ಒಂದು ಬರಿ, ಈ ಕಟ್ಟೆಯ ಕಲ್ಲೂ ಬಿರುಕು ಬಿಟ್ಟಿದೆ, ನಿನಗೆ ಹೇಗೆ ಬೇಕೋ ಹಾಗೆ ಮಾಡಿಸೋಣ ಎಂದು ಉದಾರವಾಗಿ ಹೇಳಿ ಮಲಗಲು ಹೋದ. ಅತ್ತೆಯೂ ಮಲಗಿದ್ದರು. ಮಗಳು ಆಟಕ್ಕೆ ಹೋಗಿದ್ದಳು. ಸಿಂಕಿನಲ್ಲಿ ನಾಲ್ವರ ಪಾತ್ರೆಗಳು ನೆನೆಯುತ್ತಿದ್ದವು.

ಅವಳು ಪಾತ್ರೆಗಳನ್ನು ನೋಡಿದಳು, ಮುಟ್ಟಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಮನೆಯ ಗೋಡೆಗಳನ್ನು ಬರೆದಳು. ಕಿಟಕಿ ಬರೆದಳು. ಒಲೆಯ ಕಡೆಯ ಕಟ್ಟೆಗೆ ತನ್ನ ಮೊಣಕೈ ಲೆಕ್ಕ ಹಾಕಿದಳು, ಅತ್ತೆ ಕೂತು ತರಕಾರಿ ಹೆಚ್ಚಲು ಎಳೆದರೆ ಬರುವ ಹಲಗೆ ಇಟ್ಟಳು. ಸಿಂಕಿನ ಕಡೆಗೆ ಬಂದಾಗ ಕೈ ನಿಂತಿತು. ಎತ್ತರ ಎಂಬ ಖಾಲಿ ಚೌಕದಲ್ಲಿ ಗೆರೆಯೊಂದು ಮಿನುಗುತ್ತಿತ್ತು. ಮನೆಮನೆಗೆ ಹೋಗಿ ಕೇಳುವ ಪ್ರಶ್ನೆಯನ್ನು ಅವಳು ತನ್ನ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಇಲ್ಲಿ ನಿಂತು ಕೆಲಸ ಮಾಡುವವರು ಯಾರು?

ತನ್ನ ಅಳತೆ ಬರೆದಳು. ನೋಡಿದಳು. ಅಳಿಸಿದಳು.

ಟೇಪು ತೆಗೆದುಕೊಂಡು ಮೆಲ್ಲಗೆ ಎದ್ದು, ಬಾಗಿಲ ಹಿಂದೆ ತೂಗುಹಾಕಿದ್ದ ಗಂಡನ ಅಂಗಿಯ ಬಳಿ ಹೋದಳು. ದಿನವೂ ಇಸ್ತ್ರಿ ಹಾಕುವ ಅಂಗಿ. ಭುಜದಿಂದ ಮೊಣಕೈಗೆ ಎಷ್ಟೆಂದು ಕಣ್ಣು ಮುಚ್ಚಿಯೂ ಹೇಳಬಲ್ಲಳು. ಆದರೂ ಅಳೆದಳು. ಅವನ ಭುಜ ಬಾಗಿಲ ಚೌಕಟ್ಟಿನಲ್ಲಿ ಎಲ್ಲಿಗೆ ತಾಗುತ್ತದೆಂದು ಗೊತ್ತಿತ್ತು. ಅಲ್ಲಿಂದ ಅಷ್ಟನ್ನು ಕೆಳಗಿಳಿಸಿ, ಇನ್ನೂ ಅರ್ಧ ಗೇಣು ಇಳಿಸಿ, ಬೆರಳಿಟ್ಟು ಗುರುತು ಹಿಡಿದು ನೆಲದವರೆಗೆ ಅಳೆದಳು. ಒಳಗಿನ ಕೋಣೆಯಿಂದ ಅವನ ಗೊರಕೆ ನೆಮ್ಮದಿಯಾಗಿ ಕೇಳುತ್ತಿತ್ತು.

ವಾಪಸು ಬಂದು ಆ ಅಂಕಿಯನ್ನು ಸಿಂಕಿನ ಚೌಕದಲ್ಲಿ ತುಂಬಿ ಗುಂಡಿ ಒತ್ತಿದಳು. ಗುಲಾಬಿ ಹೂವಿನ ಸೊಂಡಿಲು ಬುಸ್ಸೆಂದು ಗಾಳಿ ಎಳೆದುಕೊಂಡಿತು.