ಹಿಮದ ಕಡವಿನಲ್ಲಿ ಮಾತಾಡದ ಹುಡುಗಿ

ಮೊನ್ನೆ ಪುಲ್ಪಳ್ಳಿಯ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಫೋನಿನಿಂದ ಒಂದು ಪಿಯಾನೊ ರಾಗ ಕೇಳಿಬಂತು. ನನಗೆ ನಗು ಉಕ್ಕಿತು, ಬೆನ್ನಿಗೇ ಕಣ್ಣೂ ತುಂಬಿತು. ಪಕ್ಕದ ಹೆಂಗಸು ಮೆಲ್ಲಗೆ ಕಿಟಕಿಯತ್ತ ಸರಿದು ಕೂತಳು. ಅವಳದ್ದೇನೂ ತಪ್ಪಿಲ್ಲ ಬಿಡಿ. ಆ ರಾಗ ಒಂದು ಜಪಾನಿ ಕಾರ್ಟೂನ್ ಸಿನಿಮಾದ್ದು, ಅದು ಒಮ್ಮೆ ನನ್ನನ್ನು ನಡುಬೀದಿಯಲ್ಲಿ ಓಡಿಸಿತ್ತು ಎಂದು ಅವಳಿಗೆ ಹೇಗೆ ಹೇಳಲಿ?

ನಾಲ್ಕು ವರ್ಷದ ಹಿಂದಿನ ಮಾತು. ಮಲಯಾಳ ಸೀಮೆಯ ಪುಲ್ಪಳ್ಳಿಯಲ್ಲಿ ನನ್ನದು ಹೊಲಿಗೆ ಅಂಗಡಿ, ಪಕ್ಕದ್ದು ಗಿರೀಶನ ಮೊಬೈಲ್ ರಿಪೇರಿ ಅಂಗಡಿ. ಅವನು ಕಬಿನಿಯ ಆಚೆ, ಕನ್ನಡದ ದಡದ ಬೈರಕುಪ್ಪೆಯವನು. ದಿನಾ ದೋಣಿಯಲ್ಲಿ ಹೊಳೆ ದಾಟಿ, ಪೆರಿಕ್ಕಲ್ಲೂರಿನ ಕಡವಿನಲ್ಲಿ ಇಳಿದು ಬಸ್ಸು ಹಿಡಿದು ಬರುತ್ತಿದ್ದ. ಒಂದು ಶನಿವಾರ, ಅಂಗಡಿಯನ್ನು ಹುಣಸೂರಿಗೆ ಸಾಗಿಸುತ್ತಿದ್ದೇನೆ, ಸೋಮವಾರ ಹೊರಟೆ ಎಂದ. ಹಾಗೆಂದವನು ನನ್ನ ಫೋನಿಗೆ ಆ ಸಿನಿಮಾ ಹಾಕಿಕೊಟ್ಟ. "ಚೆನ್ನಾಗಿದೆ, ನೋಡಿ." ಮೂವತ್ತೆರಡರ ಹೆಂಗಸಿಗೆ ಕಾರ್ಟೂನೇ ಎಂದು ನನಗೆ ಒಳಗೊಳಗೇ ಮುನಿಸು.

ಭಾನುವಾರ ಮಧ್ಯಾಹ್ನ, ನನ್ನನ್ನು ಸಾಕಿದ ದೊಡ್ಡಮ್ಮನೂ ನೋಡಲು ಕೂತಳು. ಮಾತು ಜಪಾನಿ, ಅಡಿಯಲ್ಲಿ ಮಲಯಾಳ ಅಕ್ಷರ. ಓದಲು ಬಾರದ ಅವಳಿಗೆ ನಾನು ಕನ್ನಡದಲ್ಲಿ ಹೇಳಬೇಕು. ಹಿಮ ಬೀಳುವ ಊರು. ಕಡವಿನಲ್ಲಿ ಕೊಡೆ ರಿಪೇರಿ ಮಾಡುವ ಹುಡುಗಿ, ದಿನಾ ದೋಣಿಯಲ್ಲಿ ಬರುವ ಹುಡುಗ. ಅವಳ ಉಸಿರು ಗಾಜಿನ ಮೇಲೆ ಮೂಡಿ ಮಾಸುವುದನ್ನೂ ಬಿಡಿಸಿದ್ದರು. ಬರಿಯ ಗೆರೆ, ಬಣ್ಣಗಳಿಗೆ ಜೀವ ಹೀಗೆ ಮರುಗಬಹುದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಹುಡುಗ ಊರು ಬಿಟ್ಟು ಹೊರಟಾಗ ಅವಳು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ದೋಣಿ ಹೋಯಿತು. ಅನುವಾದಿಸಲು ಏನೂ ಇಲ್ಲದೆ ನಾನು ಬಿಕ್ಕಿದೆ.

"ನಾಲಿಗೆ ಇಲ್ವಾ ಅವಳಿಗೆ?" ದೊಡ್ಡಮ್ಮ ಸಿಟ್ಟಿನಲ್ಲಿ ಮೂಗೊರೆಸಿಕೊಂಡಳು. ಸಿಟ್ಟು ಬಂದರೆ ಅವಳ ಕನ್ನಡಕ್ಕೆ ಮಲಯಾಳ ಬೆರೆಯುತ್ತದೆ. "ಮೋಳೆ, ಮಗಳೇ, ಈ ಸಿನಿಮಾ ಪಡ ಯಾರು ಕೊಟ್ಟದ್ದು?"

"ಪಕ್ಕದಂಗಡಿ ಗಿರೀಶ."

"ನಾಳೆ ಹೋಗ್ತಾನೆ ಅಂದೆಯಲ್ಲ, ಅವನಾ?" ಅವಳು ನನ್ನ ಮುಖವನ್ನೇ ನೋಡಿದಳು. "ಅಷ್ಟೆಲ್ಲ ಓದಿ ಹೇಳಿದೆ. ಇದು ಮಾತ್ರ ಮನಸಿಲಾಗಿಲ್ವಾ, ಅರ್ಥ ಆಗಿಲ್ವಾ ನಿಂಗೆ?"

ಸೋಮವಾರ ಅವನ ಅಂಗಡಿಯ ಷಟರ್ ಎಳೆದಿತ್ತು. ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಓಡಿ ಪೆರಿಕ್ಕಲ್ಲೂರಿನ ಬಸ್ಸು ಹತ್ತಿದೆ. ಆವತ್ತು ಆ ಬಸ್ಸಿಗೆ ದಾರಿಯಲ್ಲಿ ಕಂಡವರನ್ನೆಲ್ಲ ಹತ್ತಿಸಿಕೊಳ್ಳುವ ಹುಚ್ಚು. ಕಡವು ತಲುಪಿದಾಗ ಗಿರೀಶ ಪೆಟ್ಟಿಗೆಗಳನ್ನೆಲ್ಲ ದೋಣಿಗೆ ಹಾಕಿ ಮುಗಿಸಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ನನಗೆ ಒಂದೂ ನೆನಪಾಗಲಿಲ್ಲ.

"ಆ ಸಿನಿಮಾದ ಕೊನೆ ಸರಿಯಿಲ್ಲ," ಎಂದೆ.

"ನಾನು ಕೊನೆ ನೋಡಿಲ್ಲ. ಅರ್ಧಕ್ಕೇ ಅಳು ಬಂತು, ನಿಲ್ಲಿಸಿಬಿಟ್ಟೆ."

"ಅವಳು ಏನೂ ಹೇಳೋದಿಲ್ಲ."

ಅವನು ನನ್ನ ಕೊರಳಿನ ಟೇಪನ್ನು ನೋಡಿ, "ನೀವು?" ಎಂದ.

"ಹೋಗಬೇಡಿ," ಎಂದೆ. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ದೋಣಿಯವನು ಯಾರನ್ನೂ ಏನೂ ಕೇಳದೆ ಪೆಟ್ಟಿಗೆಗಳನ್ನು ಒಂದೊಂದಾಗಿ ದಡಕ್ಕೆ ಇಳಿಸತೊಡಗಿದ.

ಮೊನ್ನೆ ಬಸ್ಸಿಳಿದು ಮನೆಗೆ ಬಂದವಳೇ ಗಂಡನನ್ನು ಹಿಡಿದು ಕೂರಿಸಿದೆ. ಇಷ್ಟು ವರ್ಷ ತಪ್ಪಿಸಿಕೊಂಡು ತಿರುಗಿದ ಗಿರೀಶ ಕಡೆಗೂ ಸಿನಿಮಾ ಪೂರ್ತಿ ನೋಡಿದ. ಎಳೆಮಗುವಿನ ಹಾಗೆ ಅತ್ತ. ದೊಡ್ಡಮ್ಮ ಅವನಿಗೆ ಕಣ್ಣೊರೆಸಿಕೊಳ್ಳಲು ಸೆರಗು ಮುಂದೆ ಮಾಡಿ, ಆ ಹುಡುಗಿಯನ್ನು ಮತ್ತೆ ಮೊದಲಿನಿಂದ ಬೈಯತೊಡಗಿದಳು. ನನಗೆ ಮಾತ್ರ ಈ ಸಲ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಆ ಊರಿನಲ್ಲಿ ಅವಳನ್ನು ಹೀಗೆ ಬೈಯುವವರು ಯಾರೂ ಇರಲಿಲ್ಲ.